ಹಗೇವಿನ ಬಾಯಿ

ಮಾಲೂರಿನ ಕಡೆಯ ಹಳ್ಳಿಯೊಂದರಲ್ಲಿ, ಒಂದು ಮನೆಯ ಅಂಗಳದ ನಡುವೆ ಚಪ್ಪಡಿ ಕಲ್ಲೊಂದಿದೆ. ಮಕ್ಕಳು ಅದರ ಮೇಲೆ ಕುಳಿತು ಪಾಠ ಓದುತ್ತಾರೆ. ಬೆಕ್ಕು ಬಿಸಿಲು ಕಾಯುತ್ತದೆ. ಅದರಡಿಯಲ್ಲಿ ಹಗೇವು ಇದೆಯೆಂಬುದನ್ನು ಆ ಮನೆಯ ಮುದುಕಿಯ ಹೊರತು ಉಳಿದವರೆಲ್ಲ ಮರೆತಂತಿದೆ.

ಹಗೇವೆಂದರೇನೆಂದು ಪಟ್ಟಣದ ಮಕ್ಕಳು ಕೇಳಿಯಾರು. ಬಾಯಿ ಕಿರಿದಾಗಿ ಹೊಟ್ಟೆ ಹಿರಿದಾಗಿ ಗಟ್ಟಿನೆಲದಲ್ಲಿ ತೋಡಿದ ಕಣಜ ಅದು. ಒಳಗೆ ಹುಲ್ಲು ಹಾಸಿ, ರಾಗಿ ತುಂಬಿ, ಬಾಯಿಗೆ ಕಲ್ಲಿಟ್ಟು ಮಣ್ಣು ಮೆತ್ತಿದರೆ ಕಾಳು ವರ್ಷಗಟ್ಟಲೆ ಕೆಡುತ್ತಿರಲಿಲ್ಲ. ಕಲ್ಲು ತೆಗೆದೊಡನೆ ಒಳಗಿಳಿಯುವಂತಿಲ್ಲ. ಕೆಟ್ಟ ಗಾಳಿ ಹೊರಹೋಗಲು ಬಿಟ್ಟು, ಹಗ್ಗಕ್ಕೆ ದೀಪ ಕಟ್ಟಿ ಇಳಿಸಿ, ಅದು ಆರದಿದ್ದರೆ ಮಾತ್ರ ಆಳು ಇಳಿಯುತ್ತಿದ್ದ. ಹಿಟ್ಟಿಗಾಗಿ ಇಳಿದು ಮೇಲೆ ಬಾರದೆ ಹೋದವರೂ ಉಂಟು. 1876–78ರ ಧಾತು-ಈಶ್ವರ ಬರದಲ್ಲಿ ಮೈಸೂರು ಸಂಸ್ಥಾನದ ಜನರಲ್ಲಿ ಸುಮಾರು ಐದರಲ್ಲೊಂದು ಪಾಲು ಅಳಿದುಹೋಯಿತು. ಅಂಥ ನೆಲದಲ್ಲಿ ಎರಡು ವರ್ಷದ ಕಾಳನ್ನು ಭೂಮಿಯೊಳಗೆ ಬಚ್ಚಿಡುವುದು ಜಿಪುಣತನವೆನಿಸಿಕೊಳ್ಳಲಾರದು.

ಆ ಮನೆಗಿರುವುದು ಎರಡೂವರೆ ಎಕರೆ. ಮುದುಕಿ ಸೊಸೆಯಾಗಿ ಬಂದಾಗ ಅದರ ತುಂಬ ರಾಗಿ. ನಡುನಡುವೆ ಅಕ್ಕಡಿ ಸಾಲು. ಅವರೆ, ತೊಗರಿ, ಹುಚ್ಚೆಳ್ಳು, ಜೋಳ, ಅಂಚಿಗೆ ಹರಳು. ಒಂದು ಮಳೆ ಕೈಕೊಟ್ಟರೆ ಇನ್ನೊಂದು ಮಳೆಗೆ ಚೇತರಿಸಿಕೊಳ್ಳುವ ಪೈರು ಯಾವುದಾದರೂ ಇದ್ದೇ ಇರುತ್ತಿತ್ತು. ಕಳೆ ಕೀಳಲು ಹೋದ ಹೆಂಗಸರ ಮಡಿಲಿನಲ್ಲಿ ಅಣ್ಣೆಸೊಪ್ಪು, ಗಣಿಕೆಸೊಪ್ಪು ಮನೆಗೆ ಬರುತ್ತಿದ್ದವು. ಪಟ್ಟಣದ ಅಂಗಡಿಗಳಲ್ಲಿ ಈಗ ಇವನ್ನೇ ಕಟ್ಟು ಕಟ್ಟಿ ಮಾರುತ್ತಾರೆ; ಹೊಲದಲ್ಲಿ ಕಳೆನಾಶಕದ ಮುಂದೆ ಅವು ನಿಲ್ಲಲಿಲ್ಲ.

ಮಗ ಕೊಳವೆಬಾವಿ ಕೊರೆಸಿ ಟೊಮೇಟೊ ಹಾಕಿದ. ಅವನನ್ನು ದೂರುವಂತಿಲ್ಲ. ಆಸ್ಪತ್ರೆಯವರು ರಾಗಿ ಅಳೆಸಿಕೊಂಡು ಔಷಧ ಕೊಡುವುದಿಲ್ಲ. 2023ರ ಜುಲೈಯಲ್ಲಿ ಟೊಮೇಟೊ ಕಿಲೋಗೆ ನೂರು ರೂಪಾಯಿ ದಾಟಿದಾಗ ಊರಿಗೆ ಊರೇ ಕೋಲಾರದ ಮಂಡಿಯ ಕಡೆ ನೋಡಿತು. ಉಳಿದಿದ್ದ ರಾಗಿಯ ಹೊಲಕ್ಕೂ ಸಾಲ ತಂದು ಸಸಿ ನೆಡಿಸಿದ. ಹಣ್ಣು ಕೆಂಪಾಗುವ ಹೊತ್ತಿಗೆ, ಸೆಪ್ಟೆಂಬರಿನಲ್ಲಿ, ಬೆಲೆ ನೆಲ ಕಚ್ಚಿತು. ಕೀಳುವ ಕೂಲಿಯೂ ಹುಟ್ಟಲಿಲ್ಲ. ಆ ವರ್ಷ ಮಳೆಯೂ ಇಲ್ಲ. ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಿತವಾದವು. ಒಕ್ಕಲು ಮನೆಯವರು ಅಂಗಡಿಯಿಂದ ಕಿಲೋ ಲೆಕ್ಕದಲ್ಲಿ ರಾಗಿ ಹಿಟ್ಟು ತಂದರು.

ಪಡಿತರದ ಅಕ್ಕಿ ಬಾರದಿದ್ದರೆ ಆ ಮನೆಯ ಒಲೆ ಎರಡು ಹೊತ್ತು ಉರಿಯುತ್ತಿರಲಿಲ್ಲ. ಅದನ್ನು ಹಗುರವಾಗಿ ಆಡುವವರು ಹಸಿದವರಲ್ಲ. ಆದರೆ ಅಕ್ಕಿಯೊಡನೆ ಅವರೆಕಾಳಾಗಲಿ ಸೊಪ್ಪಾಗಲಿ ತಾನಾಗಿ ಬರುವುದಿಲ್ಲ. ಎಮ್ಮೆಯನ್ನು ಮಾರಿಯಾಗಿತ್ತು, ರಾಗಿ ಇಲ್ಲದ ಮೇಲೆ ಹುಲ್ಲೆಲ್ಲಿಯದು? ಎಲ್ಲರೂ ಉಂಡ ಮೇಲೆ ಸೊಸೆ ತನಗೆಂದು ಬಡಿಸಿಕೊಳ್ಳುತ್ತಿದ್ದುದು ಅನ್ನ, ನೀರುಸಾರು. ಅವಳು ಬಾವಿಕಟ್ಟೆಯ ಬಳಿ ತಲೆಸುತ್ತಿ ಕುಳಿತುದನ್ನು ಮೊದಲು ಕಂಡವಳು ಅತ್ತೆಯೇ. ಹಿಂದೆ ಹಗೇವು ತೆಗೆಸುವ ದಿನವನ್ನು ನಿಶ್ಚಯಿಸುತ್ತಿದ್ದುದು, ಬಳ್ಳದಲ್ಲಿ ಅಳೆದು ಇಷ್ಟು ಊಟಕ್ಕೆ, ಇಷ್ಟು ಬೀಜಕ್ಕೆ ಎನ್ನುತ್ತಿದ್ದುದು ಮನೆಯ ಹೆಂಗಸು. ಟೊಮೇಟೊ ಹಣ ಗಂಡಸಿನ ಜೇಬಿಗೆ ಬಂದು, ಅಲ್ಲಿಂದ ನೇರವಾಗಿ ಗೊಬ್ಬರದಂಗಡಿಗೆ ಹೋಗುತ್ತಿತ್ತು.

ಆ ರಾತ್ರಿ ಮುದುಕಿ ಮಗನನ್ನು ಕರೆದಳು.

“ರಾಗಿ ಮಾರಿ ಯಾರಮ್ಮ ಮಗಳನ್ನ ಕಾಲೇಜಿಗೆ ಕಳಿಸಿದ್ದಾರೆ?” ಎಂದ ಅವನು.

“ಟೊಮೇಟೊ ಮಾರಿಯೇ ಕಳಿಸಪ್ಪ, ಯಾರು ಬೇಡ ಅಂದೋರು? ಉಣ್ಣೋಕೆ ಒಂದೆಕರೆ ಬಿಟ್ಟುಬಿಡು.”

ಮಗ ಉತ್ತರ ಕೊಡದೆ ಎದ್ದುಹೋದ. ಎರಡು ದಿನ ತಾಯಿಯೊಡನೆ ಮಾತಿಲ್ಲ. 2024ರ ಮಳೆಗೆ ಒಂದೆಕರೆ ಉತ್ತು, ಅಕ್ಕಡಿಗೆ ಅವರೆ ಬೀಜವನ್ನು ನೆಂಟರ ಮನೆಯಿಂದ ಬೇಡಿ ತಂದ. ಆರು ಕ್ವಿಂಟಾಲಿನಷ್ಟು ರಾಗಿಯಾಯಿತು. ಐದು ಜನರ ಮನೆಗೆ ದಿನಕ್ಕೆ ಒಂದೂವರೆ ಕಿಲೋ ಎಂದರೂ ವರ್ಷ ಕಳೆಯುತ್ತದೆ.

ಕಾಳು ಈಗಿರುವುದು ಪ್ಲಾಸ್ಟಿಕ್ ಡ್ರಮ್ಮುಗಳಲ್ಲಿ. ಹಗೇವಿಗೆ ಯಾರೂ ಇಳಿಯುವುದಿಲ್ಲ. ಅಂಗಳಕ್ಕೆ ಸಿಮೆಂಟು ಹಾಕಲು ಬಂದ ಗಾರೆಯವನು ಚಪ್ಪಡಿಯನ್ನೂ ಮುಚ್ಚಿಬಿಡಲೇ ಎಂದು ಕೇಳಿದ. ಮುದುಕಿ ಕಲ್ಲಿನ ಸುತ್ತ ಒಂದು ಗೇಣು ಮಣ್ಣು ಬಿಡಿಸಿ, ಅವನ ಕೆಲಸ ಮುಗಿಯುವವರೆಗೂ ಅದರ ಮೇಲೆಯೇ ಕುಳಿತಿದ್ದಳು.