ಶ್ರುತಿ ತಪ್ಪಿದ್ದು ಯಾರು?

ದೇವದುರ್ಗದ ಒಂಬತ್ತನೇ ತರಗತಿ ಹುಡುಗಿಯೊಬ್ಬಳು ರಾಯಚೂರಿನ ಸ್ಪರ್ಧೆಗೆ ದಾಸರ ಪದ ಕಲಿತು ಬಂದಿದ್ದಳು. ಬೆಳಗಿನ ತಂಪಿನಲ್ಲಿ ತಂದೆಯೇ ಹಾರ್ಮೋನಿಯಂಗೆ ತಂಬೂರಿಯನ್ನು ಹೊಂದಿಸಿಕೊಟ್ಟಿದ್ದರು. ಅವಳ ಸರದಿ ಬಂದದ್ದು ಮಧ್ಯಾಹ್ನ ಎರಡಕ್ಕೆ, ತಗಡಿನ ಚಾವಣಿಯಡಿ. ತಂಬೂರಿ ಒಂದು ಕಡೆ, ಹಾರ್ಮೋನಿಯಂ ಇನ್ನೊಂದು ಕಡೆ ಎಳೆದವು. 'ಶ್ರುತಿಜ್ಞಾನವಿಲ್ಲ' ಎಂಬ ಮಾತು ಬಂತು. ಬಸ್ಸಿನಲ್ಲಿ ತಂದೆ, "ಸಾಕವ್ವ ಹಾಡು, ಲೆಕ್ಕ ಮಾಡು" ಎಂದರು.

ಮಾನ್ವಿಯ ಜಗನ್ನಾಥದಾಸರು, ಚೀಕಲಪರ್ವಿಯ ವಿಜಯದಾಸರು, ಮೊಸರುಕಲ್ಲಿನ ಗೋಪಾಲದಾಸರು ಹಾಡಿದ ನೆಲವಿದು. ಇಲ್ಲಿನ ಬೇಸಿಗೆಯ ಬಿಸಿಲೂ ಅಷ್ಟೇ ಹೆಸರುವಾಸಿ.

ಹುಡುಗಿ ಸುಮ್ಮನಿರಲಿಲ್ಲ. "ಅಪ್ಪಾ, ಹಾರ್ಮೋನಿಯಂ ಮುಂಜಾನಿ ಹೆಂಗಿತ್ತೋ ಹಂಗೇ ಇತ್ತು. ತಂಬೂರಿ ಯಾಕ ಇಳೀತು?"

ಉತ್ತರ ಅವಳ ಪಾಠದಲ್ಲೇ ಇತ್ತು. ಶಾಖ 10 ಡಿಗ್ರಿ ಸೆಲ್ಸಿಯಸ್ ಏರಿದರೆ ಒಂದು ಮೀಟರ್ ಉಕ್ಕಿನ ತಂತಿ ಸುಮಾರು 0.12 ಮಿಲಿಮೀಟರ್ ಹಿಗ್ಗುತ್ತದೆ. ಅಷ್ಟಕ್ಕೇ ಬಿಗಿತ ಸಡಿಲಾಗಿ ಸ್ವರ ಇಳಿಯುತ್ತದೆ. ಹಾರ್ಮೋನಿಯಂನಲ್ಲಿ ಬಿಗಿದ ತಂತಿಯಿಲ್ಲ. ಗಾಳಿಗೆ ಕಂಪಿಸುವ ಹಿತ್ತಾಳೆಯ ರೀಡುಗಳಿವೆ. ಅವು ಬಿಸಿಲಿಗೆ ಅಷ್ಟು ಕದಲುವುದಿಲ್ಲ.

ಪಿಯಾನೊಗೂ ಈ ಕಷ್ಟ ತಪ್ಪಿದ್ದಲ್ಲ. ಅದರ ಸುಮಾರು 230 ತಂತಿಗಳ ಒಟ್ಟು ಎಳೆತ ಹದಿನೆಂಟು ಟನ್ನಿನಷ್ಟು. ಎರಕದ ಕಬ್ಬಿಣದ ಚೌಕಟ್ಟು ಅದನ್ನು ತಡೆಯುತ್ತದೆ. ಆದರೆ ನಾದ ಹೊಮ್ಮಿಸುವ ಮರದ ಹಲಗೆ ಮಳೆಗಾಲದ ತೇವ ಹೀರಿ ಉಬ್ಬಿದಾಗ ಸ್ವರ ಏರುತ್ತದೆ, ಒಣಗಿದಾಗ ಇಳಿಯುತ್ತದೆ. ಹದವಾಗಿ ಒಣಗಿಸಿದ ಮರ, ತಂತಿ ಸುತ್ತಿದ ಗೂಟಗಳನ್ನು ಗಟ್ಟಿಯಾಗಿ ಹಿಡಿಯುವ ಪದರದ ಹಲಗೆ ಇದ್ದ ಪಿಯಾನೊ ಹೆಚ್ಚು ಕಾಲ ಶ್ರುತಿ ಹಿಡಿಯುತ್ತದೆ. ಒಂದು ಕಂಪನಿಯ ವಾದ್ಯಕ್ಕೂ ಇನ್ನೊಂದರದಕ್ಕೂ ಇರುವ ವ್ಯತ್ಯಾಸದ ಒಂದು ಗುಟ್ಟು ಇಲ್ಲಿದೆ. ಎಷ್ಟೇ ಒಳ್ಳೆಯ ಕಂಪನಿಯದಾದರೂ ಆಗಾಗ ಶ್ರುತಿ ಮಾಡಿಸಲೇಬೇಕು.

ಮುಂದಿನ ಭಾನುವಾರ ತಂದೆ ಬೆಳಿಗ್ಗೆ ತಂಬೂರಿ ಹೊಂದಿಸಿ, ಮಧ್ಯಾಹ್ನ ಪಡಸಾಲೆಯ ಸೆಕೆಯಲ್ಲಿ ಮತ್ತೆ ಮೀಟಿದರು. ಹಾರ್ಮೋನಿಯಂ ಜೊತೆ ನಾದ 'ವಂವ್ ವಂವ್' ಎಂದು ಅಲೆಯಾಡಿತು. ಒಂದು ಸ್ವರ ಸೆಕೆಂಡಿಗೆ 240 ಸಲ, ಇನ್ನೊಂದು 236 ಸಲ ಕಂಪಿಸಿದರೆ ಸೆಕೆಂಡಿಗೆ ನಾಲ್ಕು ಅಲೆ ಕೇಳುತ್ತವೆ. ಮಗಳು ಮಣಿ ಸರಿಸಿದಳು. ಅಲೆ ನಿಧಾನವಾಗಿ, ಕೊನೆಗೆ ನಿಂತೇಹೋಯಿತು.

"ತಪ್ಪು ನಿಂದಲ್ಲವ್ವ," ಎಂದರು ತಂದೆ. "ಈಗ ಹಾಡು."

ಮಗುವಿನ ಕಿವಿ ಸರಿಯಿಲ್ಲ ಎನ್ನುವ ಮೊದಲು ಕೈಯಲ್ಲಿರುವ ವಾದ್ಯವನ್ನೊಮ್ಮೆ ಮೀಟಿ ನೋಡುವುದು ಒಳ್ಳೆಯದು.