ಕೊನೆಯನ್ನು ಮೊದಲೇ ಹೇಳುವವರು

ಕಥೆ ಕೇಳುವವರು ಎಲ್ಲಿ ಇರುವರೋ ಅಲ್ಲಿ ಅದರ ಕೊನೆಯನ್ನು ಮೊದಲೇ ಹೇಳಿಬಿಡುವವರೂ ಇದ್ದೇ ಇರುವರು. ಇವರನ್ನು ದುಷ್ಟರೆನ್ನಲಾಗದು. ತಾವು ಉಂಡ ಸವಿಯನ್ನು ಒಳಗೆ ಇರಿಸಿಕೊಳ್ಳಲಾರದೆ ಹೊರಗೆ ಚೆಲ್ಲುವ ಸಂತೋಷಿಗಳು, ಅಷ್ಟೆ. ಕಾದಂಬರಿಯಲ್ಲಿ ಕೊಲೆಮಾಡಿದವನು ಯಾರು, ಚಲನಚಿತ್ರದಲ್ಲಿ ನಾಯಕನು ಬದುಕುವನೋ ಇಲ್ಲವೋ ಎಂದು ಹೇಳಿ ಹೇಳಿ ಬೇಸತ್ತಿದ್ದ ಇವರಿಗೆ ಈಚೆಗೆ ಹೊಸದೊಂದು ಕ್ಷೇತ್ರವು ದೊರೆತಿದೆ. ಅದು ವಿಡಿಯೋ ಗೇಮು. ಹೀಗೆ ಗುಟ್ಟನ್ನು ಹೊರಗೆಡಹುವುದಕ್ಕೆ ಇಂಗ್ಲಿಷಿನಲ್ಲಿ ‘ಸ್ಪಾಯ್ಲರ್’ ಎಂದು ಹೆಸರು. ಕೆಡಿಸುವಂಥದು ಎಂದು ಅದರ ಅರ್ಥ. ಇದರಿಂದ ಆಟದ ಸುಖವು ನಿಜವಾಗಿಯೂ ಕೆಡುವುದೆ, ಕೆಟ್ಟರೆ ಎಷ್ಟು ಕೆಡುವುದು ಎಂಬುದನ್ನು ಕುರಿತು ವಾಚಕರೊಡನೆ ಕೊಂಚ ವಿಚಾರಮಾಡಬೇಕೆಂದು ನಮ್ಮ ಆಶೆ.

ವಿಡಿಯೋ ಗೇಮೆಂದರೆ ಗುಂಡು ಹಾರಿಸುವುದು, ಮೋಟಾರು ಓಡಿಸುವುದು, ಇಷ್ಟೇ ಎಂದು ತಿಳಿದಿರುವ ಹಿರಿಯರು ಇನ್ನೂ ಅನೇಕರಿರುವರು. ಆದರೆ ಒಂದು ದೊಡ್ಡ ಕಾದಂಬರಿಯಂತೆ ಹತ್ತಾರು ಗಂಟೆ ಬೆಳೆಯುವ ಕಥೆಯುಳ್ಳ ಆಟಗಳೂ ಉಂಟು. ನಮ್ಮ ಮನೆಯಲ್ಲಿ ಅಕ್ಕನ ಮಗನು ಸಂಜೆಯ ಹೊತ್ತು ಇಂಥ ಆಟಗಳನ್ನು ಆಡುವನು. ನಾವು ಬಳಿಯಲ್ಲಿ ಕುಳಿತು ನೋಡುವೆವು, ಒಮ್ಮೊಮ್ಮೆ ಆಡುವುದೂ ಉಂಟು. ಆದುದರಿಂದ ಈ ವಿಷಯದಲ್ಲಿ ಎರಡು ಮಾತನ್ನಾಡುವ ಅಧಿಕಾರವು ನಮಗೂ ಇದೆಯೆಂದು ಭಾವಿಸಿದ್ದೇವೆ.

ಪಂಡಿತರು ಈ ಪ್ರಶ್ನೆಯನ್ನು ಪರೀಕ್ಷಿಸದೆ ಬಿಟ್ಟಿಲ್ಲ. ೨೦೧೧ನೆಯ ಇಸವಿಯಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದ ಸ್ಯಾನ್ ಡಿಯೇಗೋ ಶಾಖೆಯ ಜೊನಾಥನ್ ಲೆವಿಟ್, ನಿಕೊಲಾಸ್ ಕ್ರಿಸ್ಟನ್‌ಫೆಲ್ಡ್ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು ೧೨ ಸಣ್ಣಕಥೆಗಳನ್ನು ವಿದ್ಯಾರ್ಥಿಗಳ ಕೈಯಲ್ಲಿ ಓದಿಸಿದರು. ಕೆಲವರಿಗೆ ಕೊನೆಯನ್ನು ಮುಂಚಿತವಾಗಿ ತಿಳಿಸಿದರು, ಕೆಲವರಿಗೆ ತಿಳಿಸಲಿಲ್ಲ. ಸೋಜಿಗವೆಂದರೆ, ಕೊನೆಯನ್ನು ತಿಳಿದು ಓದಿದವರೇ ಹೆಚ್ಚಾಗಿ ಮೆಚ್ಚಿಕೊಂಡರು. ಅಂದಮೇಲೆ ಕೆಡಿಸುವವರಿಗೆ ನಾವು ಕೃತಜ್ಞರಾಗಬೇಕೇನೋ ಎನ್ನುವಷ್ಟರಲ್ಲಿ, ೨೦೧೫ನೆಯ ಇಸವಿಯಲ್ಲಿ ಬೆಂಜಮಿನ್ ಜಾನ್ಸನ್, ಜೂಡಿತ್ ರೋಸೆನ್‌ಬಾಮ್ ಎಂಬ ಬೇರೆ ಇಬ್ಬರು ಇದಕ್ಕೆ ವಿರುದ್ಧವಾದ ಫಲವನ್ನು ಪ್ರಕಟಿಸಿದರು: ಗುಟ್ಟು ಒಡೆಯದ ಕಥೆಯೇ ಹೆಚ್ಚು ರುಚಿಸಿತು, ಹೆಚ್ಚು ಮನಮುಟ್ಟಿತು ಎಂದು.

ನಮ್ಮ ನಾಡಿನ ಅನುಭವವಂತೂ ಮೊದಲಿನವರ ಪಕ್ಷಕ್ಕೇ ಒಲಿಯುವಂತೆ ತೋರುವುದು. ಯಕ್ಷಗಾನಕ್ಕೆ ಹೋಗಿ ರಾತ್ರಿಯೆಲ್ಲ ಕುಳಿತವರಲ್ಲಿ ಕರ್ಣನು ಸಾಯುವನೆಂಬುದನ್ನು ತಿಳಿಯದವರು ಯಾರು? ರನ್ನನು ತನ್ನ ಕಾವ್ಯಕ್ಕೆ ‘ಸಾಹಸಭೀಮ ವಿಜಯ’ವೆಂದೇ ಹೆಸರಿಟ್ಟನು, ಗದಾಯುದ್ಧದಲ್ಲಿ ಗೆಲ್ಲುವವನು ಯಾರೆಂಬುದು ಹೆಸರಿನಲ್ಲಿಯೇ ಬಯಲಾಯಿತು. ಆದರೂ ರಸಕ್ಕೆ ಊನವಾಗಲಿಲ್ಲ. ಅರ್ಥಧಾರಿಯು ಆ ರಾತ್ರಿ ಕರ್ಣನ ಬಾಯಲ್ಲಿ ಯಾವ ಮಾತನ್ನು ಆಡಿಸುವನೋ ಅದು ಮಾತ್ರ ಸಭೆಗೆ ಹೊಸದು. ಅದಕ್ಕಾಗಿಯೇ ಜನರು ಕಾದಿರುವರು. ಹೀಗಿರಲು ಆಟದ ಕೊನೆಯನ್ನು ಯಾರೋ ಹೇಳಿದರೆಂದು ನಮ್ಮ ಮಕ್ಕಳು ಮುಖ ಊದಿಸಿಕೊಳ್ಳುವುದೇಕೆ ಎಂದು ಹಿರಿಯರು ಕೇಳಬಹುದು.

ಕೇಳುವುದು ನ್ಯಾಯವೇ. ಆದರೆ ಒಂದು ಭೇದವನ್ನು ಇಲ್ಲಿ ಮರೆಯಬಾರದು. ದುರ್ಯೋಧನನು ವೈಶಂಪಾಯನ ಸರೋವರದಲ್ಲಿ ಅಡಗಿರುವನೆಂಬುದು ಸಭೆಗೆ ಗೊತ್ತು. ಆದರೆ ಅವನನ್ನು ಹುಡುಕಬೇಕಾದವರು ಸಭಿಕರಲ್ಲ, ಪಾಂಡವರು. ಆಟದಲ್ಲಾದರೋ ಹುಡುಕಬೇಕಾದವರು ನಾವೇ. ನಾವು ಸಭೆಯಿಂದೆದ್ದು ರಂಗಕ್ಕೆ ಬಂದಿರುವೆವು. ವೇಷಧಾರಿಗೆ ಯಾವುದು ತಿಳಿಯದೋ ಅದು ನಮಗೂ ತಿಳಿಯದಿರುವುದೇ ಅಲ್ಲಿ ನಮ್ಮ ವೇಷದ ಮುಖ್ಯ ಭಾಗ.

ಈ ಮಾತಿಗೆ ಒಂದು ಉದಾಹರಣೆ. ೧೯೯೭ನೆಯ ಇಸವಿಯಲ್ಲಿ ಜಪಾನಿನ ಸ್ಕ್ವೇರ್ ಕಂಪೆನಿಯವರು ‘ಫೈನಲ್ ಫ್ಯಾಂಟಸಿ ೭’ ಎಂಬ ಆಟವನ್ನು ಮೂರು ಡಿಸ್ಕುಗಳಲ್ಲಿ ಹೊರತಂದರು. ಅದರಲ್ಲಿ ಏರಿತ್ ಎಂಬ ಹೂವಾಡಗಿತ್ತಿಯು ನಾಯಕನ ಸಂಗಡಿಗಳಲ್ಲಿ ಒಬ್ಬಳು. ಮೊದಲನೆಯ ಡಿಸ್ಕು ಮುಗಿಯುವ ಹೊತ್ತಿಗೆ, ಪ್ರಾರ್ಥನೆಯಲ್ಲಿ ತೊಡಗಿರುವಾಗಲೇ, ಅವಳು ಶತ್ರುವಿನ ಕತ್ತಿಗೆ ಬಲಿಯಾಗುವಳು; ಮತ್ತೆ ಬದುಕಿ ಬರುವುದಿಲ್ಲ. ಈಗ ಇದು ಆಟವಾಡುವವರೆಲ್ಲರೂ ಬಲ್ಲ ವಿಷಯವಾದುದರಿಂದ ಇಲ್ಲಿ ಹೇಳುವುದರಲ್ಲಿ ದೋಷವಿಲ್ಲವೆಂದು ನಂಬುತ್ತೇವೆ. ಏನೂ ತಿಳಿಯದೆ ಆಡಿದವರು ಅವಳನ್ನು ಯುದ್ಧಕ್ಕೆ ಕರೆದೊಯ್ದು, ಅವಳ ಶಕ್ತಿಯನ್ನು ದಿನದಿನವೂ ಬೆಳೆಸಿ, ಮುಂದೆ ಇವಳು ನಮ್ಮನ್ನು ಕಾಯುವಳೆಂದು ನೆಚ್ಚಿಕೊಂಡಿದ್ದರು. ಅವಳು ಹೋದಾಗ ಅವರಿಗೆ ಬರಿಯ ದುಃಖವಲ್ಲ, ನಷ್ಟವೂ ಆಯಿತು, ಕೈ ಬರಿದಾಯಿತು. ತಿಳಿದು ಆಡುವವನೋ, ಹೇಗೂ ಸಾಯುವವಳಿಗಾಗಿ ಏಕೆ ದುಡಿಯಬೇಕೆಂದು ಲೆಕ್ಕಹಾಕಿ ಅವಳನ್ನು ಹಿಂದೆಯೇ ನಿಲ್ಲಿಸುವನು. ಕಥೆ ಇಬ್ಬರಿಗೂ ಒಂದೇ. ನಡತೆ ಮಾತ್ರ ಬೇರೆ. ಮುಂದಿನದನ್ನು ಅರಿತವನ ಪ್ರೀತಿಯಲ್ಲಿ ಜಿಪುಣತನವು ಸೇರಿಕೊಂಡಿತು. ಓದುಗನಿಗೆ ಈ ಅಪಾಯವಿಲ್ಲ, ಏಕೆಂದರೆ ಅವನು ಯಾರನ್ನೂ ಬೆಳೆಸಬೇಕಾದುದಿಲ್ಲ.

ಇನ್ನೊಂದು ಬಗೆಯ ಆಟದಲ್ಲಿ ತಿಳಿವಳಿಕೆಯೇ ಸರ್ವಸ್ವ. ೨೦೧೯ನೆಯ ಇಸವಿಯಲ್ಲಿ ಬಂದ ‘ಔಟರ್ ವೈಲ್ಡ್ಸ್’ ಎಂಬುದರಲ್ಲಿ ಆಟಗಾರನು ಒಂದು ಪುಟ್ಟ ಆಕಾಶನೌಕೆಯಲ್ಲಿ ಗ್ರಹದಿಂದ ಗ್ರಹಕ್ಕೆ ಹಾರುವನು. ೨೨ ನಿಮಿಷಕ್ಕೆ ಸೂರ್ಯನು ಸಿಡಿಯುವನು. ಕಾಲವು ಮರಳಿ ಮೊದಲಿಗೇ ಬರುವುದು. ಇಷ್ಟನ್ನು ಆಟವೇ ಮೊದಲನೆಯ ಅರ್ಧ ಗಂಟೆಯಲ್ಲಿ ತಿಳಿಸುವುದು. ಮಿಕ್ಕುದನ್ನು ನಾವು ಹೇಳಲೊಲ್ಲೆವು. ಆ ಆಟದಲ್ಲಿ ಹೊಸ ಆಯುಧ ದೊರೆಯದು, ಹಣ ಕೂಡದು. ಪ್ರತಿಸಲವೂ ಉಳಿಯುವುದು ಆಟಗಾರನು ಕಂಡುಕೊಂಡದ್ದು ಮಾತ್ರ. ಎಲ್ಲವನ್ನೂ ತಿಳಿದವನು ಮೊದಲನೆಯ ೨೨ ನಿಮಿಷದಲ್ಲಿಯೇ ನೆಟ್ಟಗೆ ಹೋಗಿ ಮುಗಿಸಿಬಿಡಬಲ್ಲನು. ಇಂಥ ಆಟದ ಗುಟ್ಟನ್ನು ಹೇಳಿದವನು ಇನ್ನೊಬ್ಬನ ಆಟವನ್ನು ತಾನೇ ಆಡಿ ಮುಗಿಸಿದಂತಾಯಿತು.

ಮೂರನೆಯ ಕೇಡು ಇನ್ನೂ ಸೂಕ್ಷ್ಮವಾದುದು. ‘ದಿ ಲಾಸ್ಟ್ ಆಫ್ ಅಸ್’ ಎಂಬ ಆಟದ ಎರಡನೆಯ ಭಾಗವು ೨೦೨೦ನೆಯ ಇಸವಿ ಜೂನ್ ೧೯ರಂದು ಹೊರಬಂದಿತು. ಆದರೆ ಏಪ್ರಿಲ್ ತಿಂಗಳಿನಲ್ಲಿಯೇ ಅದರ ಮುಖ್ಯ ಘಟನೆಗಳ ದೃಶ್ಯಗಳು ಸೋರಿಹೋಗಿದ್ದುವು. ಅವು ಯಾವುವೆಂದು ಇಲ್ಲಿ ಬರೆಯುವುದಿಲ್ಲ. ಆಟವನ್ನು ಕೈಯಿಂದ ಮುಟ್ಟದವರೂ ಅದು ಕೆಟ್ಟದೆಂದು ತೀರ್ಪುಕೊಟ್ಟರು. ಅವರಿಗೆ ದೊರೆತುದು ಕಥೆಯಲ್ಲ, ವರ್ತಮಾನ. ಮನೆಯಲ್ಲಿ ಒಬ್ಬರು ತೀರಿಕೊಂಡರೆಂದು ತಂತಿ ಬರುವುದು ಬೇರೆ. ಅವರ ಹಾಸಿಗೆಯ ಬಳಿ ಅಷ್ಟು ದಿನ ಕುಳಿತಿರುವುದು ಬೇರೆ. ಬಹು ಗಂಟೆಗಳ ಸಂಗದಿಂದ ಮಾತ್ರ ಅರ್ಥವಾಗಬಹುದಾದುದನ್ನು ಒಂದು ಸಾಲಿನಲ್ಲಿ ಕೇಳಿದವರು ಮೆಚ್ಚಲಿ, ಜರಿಯಲಿ, ಅದು ಆ ಒಂದು ಸಾಲಿಗೆ ಸಲ್ಲುವುದೇ ಹೊರತು ಆಟಕ್ಕೆ ಸಲ್ಲದು.

ಇಷ್ಟು ಹೇಳಿದಮೇಲೆ ಮುಂಚಿತವಾಗಿ ಹೇಳುವುದೆಲ್ಲವೂ ಅಪರಾಧವೆಂದು ನಾವು ನಿರ್ಣಯಿಸುವೆವೆಂದು ವಾಚಕರು ಎಣಿಸಬಹುದು. ಹಾಗಲ್ಲ. ನಮ್ಮ ತಂದೆಯವರು ಬಹಳ ದಿನ ಕಾಹಿಲೆಯಿಂದ ನರಳಿ ತೀರಿಕೊಂಡರು. ಅಂದಿನಿಂದ ನಮ್ಮ ತಾಯಿಯವರು ಯಾವ ಕಥೆಯನ್ನೂ ಕೊನೆ ತಿಳಿಯದೆ ನೋಡಲಾರರು. ಒಂದು ಸಂಜೆ ಅಕ್ಕನ ಮಗನು ‘ಬ್ರದರ್ಸ್’ ಎಂಬ ಆಟವನ್ನು ಹಚ್ಚಿದನು. ೨೦೧೩ನೆಯ ಇಸವಿಯ ಆಟ. ಮೂರುನಾಲ್ಕು ಗಂಟೆಯಲ್ಲಿ ಮುಗಿಯುವಂಥದು. ಕಾಹಿಲೆಯಾದ ತಂದೆಗೆ ಔಷಧವನ್ನು ತರಲು ಅಣ್ಣತಮ್ಮಂದಿರಿಬ್ಬರು ದೂರದ ಒಂದು ಮರವನ್ನರಸಿ ಹೊರಡುವರು. ಆಡುವವನ ಎಡಗೈ ಒಬ್ಬನನ್ನು ನಡೆಸುವುದು, ಬಲಗೈ ಇನ್ನೊಬ್ಬನನ್ನು. ತಾಯಿಯವರು ಜಪಸರವನ್ನು ಕೆಳಗಿಟ್ಟು, “ಮಗು, ಆ ತಂದೆ ಉಳಿಯುತ್ತಾನೆಯೇ? ಅಷ್ಟು ಹೇಳಿಬಿಡಪ್ಪ, ಆಮೇಲೆ ನೋಡುತ್ತೇನೆ” ಎಂದರು. ಅವನು ಅದನ್ನು ಮೊದಲೇ ಒಮ್ಮೆ ಆಡಿದ್ದನು. ನಮ್ಮ ಕಡೆ ನೋಡಿದನು; ಅನಂತರ ಎದ್ದು ಹೋಗಿ, “ಅಜ್ಜಿ, ನಿಮಗೊಬ್ಬರಿಗೇ” ಎಂದು ಅವರ ಕಿವಿಯಲ್ಲಿ ಏನನ್ನೋ ಹೇಳಿದನು. ನಮಗೆ ಕೇಳಿಸಲಿಲ್ಲ, ನಾವು ಕೇಳಲೂ ಇಲ್ಲ. ತಾಯಿಯವರು ತಲೆದೂಗಿ, ಗೋಡೆಗೆ ಒರಗಿ, ಕೊನೆಯವರೆಗೆ ಕುಳಿತರು. ಅಳಬೇಕಾದಲ್ಲಿ ನಮಗಿಂತ ಮೊದಲು ಅವರೇ ಅತ್ತರು.

ತಿಳಿದು ನೋಡಿದುದರಿಂದ ಅವರ ಸುಖವು ಕೆಟ್ಟಿತೆ? ಇಲ್ಲ, ತಿಳಿಯದಿದ್ದರೆ ಅವರು ನೋಡುತ್ತಲೇ ಇರಲಿಲ್ಲ. ತಿಳಿಯದೆ ನೋಡಿದುದರಿಂದ ನಮಗೆ ನಷ್ಟವಾಯಿತೆ? ಅದೂ ಇಲ್ಲ. ಪಂಡಿತರ ಎರಡು ಫಲಗಳೂ ಒಂದೇ ಕೊಠಡಿಯಲ್ಲಿ ಕುಳಿತಿದ್ದುವು. ಆದುದರಿಂದ ಕೊನೆಯನ್ನು ಹೇಳಬಹುದೆ ಎಂಬ ಪ್ರಶ್ನೆಯನ್ನು ಕೇಳುವವರ ಕೈಗೆ ಬಿಡಬೇಕೆಂದು ನಮಗೆ ತೋರುವುದು. ಕೇಳಿದವರಿಗೆ ಹೇಳಿದುದು ಔಷಧ. ಕೇಳದವರಿಗೆ ಹೇಳಿದುದು ಅಪಹರಣ. ತಿಳಿದ ಸುಖವನ್ನು ಎರಡನೆಯ ಸಲ, ಮೂರನೆಯ ಸಲ ಆಡಿ ಪಡೆಯಬಹುದು. ತಿಳಿಯದ ಸುಖವು ಒಮ್ಮೆ ಮಾತ್ರ ಬರುವುದು, ಕಸಿದುಕೊಂಡವನು ಅದನ್ನು ಹಿಂದಕ್ಕೆ ಕೊಡಲಾರನು.

ಮನೆಯಲ್ಲಿ ಮಕ್ಕಳಿರುವವರು ಇಷ್ಟನ್ನು ನಡಸಿಕೊಂಡು ಬಂದರೆ ಸಾಕು: ಹೇಳುವ ಮುನ್ನ “ಹೇಳಲೆ?” ಎಂದು ಕೇಳುವುದು, ಎಳೆಯರನ್ನು ಹೆದರಿಸುವಂಥ ಕ್ರೌರ್ಯವೋ ಮರಣವೋ ಇದ್ದರೆ, ಯಾರಿಗೆ, ಹೇಗೆ ಎನ್ನದೆ, ಇದೆಯೆಂದು ಮಾತ್ರ ದೊಡ್ಡವರಿಗೆ ಎಚ್ಚರಿಕೆ ಕೊಡುವುದು, ಯಾರಾದರೂ ಹೇಳಿಯೇಬಿಟ್ಟರೆ ಆಟವನ್ನು ಮೂಲೆಗೆಸೆಯದೆ, ಯಕ್ಷಗಾನದ ಸಭಿಕರಂತೆ, ಹೇಗೆ ನಡೆಯುವುದೋ ನೋಡೋಣವೆಂದು ಕೂರುವುದು.

ಹೇಳುವ ಚಪಲವುಳ್ಳವರಿಗೂ ಒಂದು ಮಾತು. ಅಕ್ಕನ ಮಗನ ತಂಗಿಯು ಈಗ ‘ಔಟರ್ ವೈಲ್ಡ್ಸ್’ ಆಡುತ್ತಿರುವಳು. ಅವನು ಅದನ್ನು ಎಂದೋ ಮುಗಿಸಿರುವನು. ಇನ್ನು ಅವನಿಗೆ ಅದು ಹೊಸದಾಗಿ ದೊರೆಯುವಂತಿಲ್ಲ. ಆದರೂ ದಿನವೂ ಅವಳ ಪಕ್ಕದಲ್ಲಿ ಬಂದು ಕುಳಿತುಕೊಳ್ಳುವನು. ಅವಳು ದಾರಿ ತಪ್ಪಿದಾಗ ತುಟಿ ಕಚ್ಚಿಕೊಂಡು ಸುಮ್ಮನಿರುವನು, ಮೊನ್ನೆ ಅವಳು ಒಂದು ಹಳೆಯ ಬರಹವನ್ನು ಓದಿ ತಟ್ಟನೆ, “ಅಣ್ಣಾ, ಹಾಗಾದರೆ...” ಎಂದು ತಿರುಗಿದಾಗ ಅವನ ಮುಖವು ಅವಳ ಮುಖಕ್ಕಿಂತ ಹೆಚ್ಚಾಗಿ ಅರಳಿತ್ತು.