ಬಿಳಿಚೋಡಿನ ಚಪ್ಪರ, ಥಾಣೆಯ ಹುಪ್ಪಾ

ದಾವಣಗೆರೆಯಿಂದ ಜಗಳೂರಿಗೆ ಹೋಗುವ ದಾರಿಯಲ್ಲಿ ಸಿಗುತ್ತೆ ಬಿಳಿಚೋಡು. ಹೋಬಳಿ ಊರು. 1997ರಲ್ಲಿ ದಾವಣಗೆರೆ ಜಿಲ್ಲೆ ಆಗೋವರೆಗೂ ಇದೆಲ್ಲ ಚಿತ್ರದುರ್ಗಕ್ಕೆ ಸೇರಿತ್ತು. ಜಗಳೂರು ಸೀಮೆ ಅಂದ್ರೆ ಜನರಿಗೆ ನೆನಪಾಗೋದು ಬರ, ಮೆಕ್ಕೆಜೋಳ, ಇಲ್ಲಾ ರಂಗಯ್ಯನದುರ್ಗದ ಕೊಂಡುಕುರಿ. ಬಿಳಿಚೋಡಿಗೆ ಅಂತ ಯಾರೂ ವೀಕೆಂಡ್ ಟ್ರಿಪ್ ಹಾಕಲ್ಲ. ನಾನು ಹೋಗಿದ್ದು ಚಿಕ್ಕಮ್ಮನ ಮಗಳ ಮದುವೆಗೆ. ಜೊತೆಗೆ ನಮ್ಮ ಟೀಮಿನ ಹುಡುಗಿ. ಥಾಣೆಯವಳು, ಯಹೂದಿ.

ಯಹೂದಿ ಅಂದ್ರೆ ಇಸ್ರೇಲಿನಿಂದ ಬಂದವಳಲ್ಲ. ಇವರು ಬೆನೆ ಇಸ್ರೇಲ್ ಪಂಗಡದವರು. ಶತಮಾನಗಳಿಂದ ಕೊಂಕಣ ಕರಾವಳಿಯಲ್ಲಿದ್ದವರು, ಮನೆಮಾತು ಮರಾಠಿ. ಹಿಂದೆ ಗಾಣದಲ್ಲಿ ಎಣ್ಣೆ ತೆಗೀತಿದ್ರು. ಶನಿವಾರ ಕೆಲಸ ಮುಟ್ಟದ ಕಾರಣ ಊರವರು ಇವರನ್ನ ‘ಶನಿವಾರ ತೇಲಿ’ ಅಂತಲೇ ಕರೀತಿದ್ರಂತೆ. ಅವಳದೂ ಮದುವೆ ನಿಶ್ಚಯ ಆಗಿತ್ತು. ಹಾಗಾಗಿ ಕಂಡಿದ್ದಕ್ಕೆಲ್ಲ ‘ಇದ್ಯಾಕೆ, ಅದ್ಯಾಕೆ’.

ದಾವಣಗೆರೆಯಲ್ಲಿ ಎ.ಸಿ. ಕಲ್ಯಾಣ ಮಂಟಪ ಮಾಡೋಣ ಅಂತ ಅಣ್ಣಂದಿರು ಹೇಳಿದ್ರೂ ಚಿಕ್ಕಮ್ಮ ಒಪ್ಪಿರಲಿಲ್ಲ. ಮನೆ ಮುಂದೆ ಹಾಲುಗಂಬ ನೆಟ್ಟು, ತೆಂಗಿನ ಗರಿ ಹೊದಿಸಿ, ಬಾಳೆಕಂಬ ಕಟ್ಟಿದ ಚಪ್ಪರವೇ ಆಗಬೇಕು. ಅದನ್ನ ನೋಡಿದ್ದೇ ತಡ ಗೆಳತಿ ಅಂದಳು, “ಇದು ನಮ್ಮ ಹುಪ್ಪಾ!” ನಾಲ್ಕು ಕೋಲು, ಮೇಲೊಂದು ಬಟ್ಟೆ, ಅದರ ಕೆಳಗೆ ವಧೂವರರು. ಗೋಡೆಯೇ ಇಲ್ಲದ ಆ ಮಾಡು ಅವರಿಬ್ಬರ ಹೊಸ ಮನೆಯ ಗುರುತು. ನಾಲ್ಕೂ ಕಡೆ ತೆರೆದಿರೋದು ಬಂದವರಿಗೆಲ್ಲ ಜಾಗ ಇದೆ ಅಂತ. ಹುಪ್ಪಾ, ಚಪ್ಪರ. ಪ್ರಾಸವೂ ಕೂಡಿ ಬಂತು ನೋಡಿ (ಮೂಲ ಒಂದೇ ಅಂತ ವಾಟ್ಸಾಪಿನಲ್ಲಿ ಹರಿಬಿಡಬೇಡಿ, ಬರೀ ಕಾಕತಾಳೀಯ).

ಆಮೇಲೆ ಸಾಲಾಗಿ ಹೋಲಿಕೆ ಶುರುವಾಯ್ತು. ಅವರಲ್ಲೂ ಮದುವೆಗೆ ಮುಂಚೆ ಮೆಹಂದಿ ಇದೆ, ಹೆಂಗಸರು ಮಂಗಳಸೂತ್ರ ಹಾಕ್ತಾರೆ. ಉಂಗುರ ಮಾತ್ರ ಸಾದಾ ಇರಬೇಕು, ಹರಳು ಕೂರಿಸೋ ಹಾಗಿಲ್ಲ. ಕುಂಬಾರರ ಮನೆಯಿಂದ ವಾದ್ಯದ ಜೊತೆ ಐರಣಿ ಮಡಿಕೆ ತಂದಾಗ, “ಇದನ್ನ ಯಾವಾಗ ಒಡೀತೀರಾ?” ಅಂದಳು. ಹೆಂಗಸರೆಲ್ಲ ಗಾಬರಿ! ಅವರಲ್ಲಿ ಮದುಮಗ ಗಾಜಿನ ಲೋಟ ಒಡೀತಾನೆ. ಕ್ರಿ.ಶ. 70ರಲ್ಲಿ ರೋಮನ್ನರು ಜೆರುಸಲೇಮಿನ ದೇವಾಲಯ ಕೆಡವಿದ್ದನ್ನ ಸಂತೋಷದ ಹೊತ್ತಿನಲ್ಲೂ ಮರೀಬಾರದು ಅಂತ. ನಮ್ಮಲ್ಲಿ ಮಡಿಕೆ ಬಿರುಕು ಬಿಟ್ಟರೂ ಅಜ್ಜಿಯಂದಿರ ಮುಖ ಸಣ್ಣಗಾಗುತ್ತೆ.

ರಾತ್ರಿ ಹಿತ್ತಲಲ್ಲಿ ಕೂತಾಗ ಅವಳು ಫೋನಿನಲ್ಲಿ ಒಂದು ಕಾಗದದ ಫೋಟೋ ತೋರಿಸಿದಳು. ಅವಳ ಅಜ್ಜಿಯ ಕೆತುಬಾ, ಅಂದ್ರೆ ಮದುವೆ ಕರಾರು. ಅಂಚಿನಲ್ಲಿ ಹೂಬಳ್ಳಿ, ನಡುವೆ ಅರಾಮಿಕ್ ಭಾಷೆಯ ಬರಹ, ಕೆಳಗೆ ಇಬ್ಬರು ಸಾಕ್ಷಿಗಳ ಸಹಿ. ಹೆಂಡತಿಗೆ ಅನ್ನ, ಬಟ್ಟೆ, ಸಂಸಾರ ಸುಖ ಕೊಡೋದು ಗಂಡನ ಹೊಣೆ ಅಂತ ಅದರಲ್ಲಿ ಇರುತ್ತೆ. ಹುಪ್ಪಾದ ಕೆಳಗೆ ಎಲ್ಲರ ಎದುರು ಓದಿ ಹೆಂಡತಿಯ ಕೈಗೆ ಕೊಡ್ತಾರೆ. ಗಂಡ ಬಿಟ್ಟರೆ ಇಲ್ಲಾ ಸತ್ತರೆ ಅವಳಿಗೆ ಇಷ್ಟು ಸಲ್ಲಬೇಕು ಅಂತಲೂ ಬರೆದಿರುತ್ತೆ. ಹಳೆಯ ಲೆಕ್ಕದಲ್ಲಿ 200 ಝೂಝ್, ಬೆಳ್ಳಿ ನಾಣ್ಯ.

ನಾನು ಕನ್ನಡದಲ್ಲಿ ಹೇಳ್ತಾ ಇದ್ದೆ. ಚಿಕ್ಕಮ್ಮ ಅವರೆಕಾಯಿ ಸುಲಿಯೋದು ನಿಲ್ಲಿಸಿದ್ರು.

“ಗಂಡ ಸತ್ ಮ್ಯಾಲೂ ಆ ಕಾಗದ ನಡೀತತಾ?”

“ಹೂಂ ಚಿಕ್ಕಮ್ಮ, ಅದಕ್ಕೇ ಬರೆಯೋದಂತೆ.”

“ನಮ್ದು ನೋಡವ್ವ, ತಾಳಿ, ಕಾಲುಂಗುರ, ಬಳೆ. ಅವತ್ತೇ ಎಲ್ಲಾ ತಗಸ್ತಾರೆ.”

ಚಿಕ್ಕಪ್ಪ ಹೋಗಿ ಆರು ವರ್ಷ. ಚಪ್ಪರಕ್ಕೆ ಹಟ ಹಿಡಿದ, ಬೀಜ ಗೊಬ್ಬರದ ಸಾಲ ತೀರಿಸಿ ಮಗಳನ್ನ ಓದಿಸಿದ ಅದೇ ಚಿಕ್ಕಮ್ಮ ಅವತ್ತು ಐರಣಿ ಮುಟ್ಟಿರಲಿಲ್ಲ. ಅರಿಶಿನ ಹಚ್ಚುವಾಗ ಒಳಮನೆಯಲ್ಲಿದ್ರು. ಧಾರೆ ಎರೆಯೋದು ದೊಡ್ಡಪ್ಪ ದೊಡ್ಡಮ್ಮ ಅಂತ ಯಾವಾಗಲೋ ತೀರ್ಮಾನ ಆಗಿತ್ತು. ಯಾರೂ ಬೈದಿರಲಿಲ್ಲ, ತಡೆದಿರಲಿಲ್ಲ. ಅವರೇ ಪಕ್ಕಕ್ಕೆ ಸರಿದಿದ್ರು, ಎಲ್ಲರೂ ಅದನ್ನ ಸರಿ ಅಂದುಕೊಂಡಿದ್ರು. ನಿಜ ಹೇಳಬೇಕಂದ್ರೆ ಹುಪ್ಪಾ ಚಪ್ಪರದ ಹೋಲಿಕೆಗಿಂತ ನನಗೆ ಕಾಡಿದ್ದು ಇದು. ನಮ್ಮ ಮದುವೆಯ ಒಂದೊಂದು ಸಾಮಾನಿಗೂ ಎಷ್ಟು ಚೆಂದದ ಅರ್ಥ ಹೇಳ್ತೀವಿ: ಜೀರಿಗೆ ಬೆಲ್ಲ ಅಂಟಿದ ಹಾಗೆ ಇಬ್ಬರೂ ಇರಲಿ, ಅರಿಶಿನ ಕೊಂಬಿನ ಕಂಕಣ ಕಾಯಲಿ. ಒಬ್ಬರು ಹೋದ ಮೇಲೆ ಉಳಿದವಳಿಗೆ ಏನು ಅನ್ನೋದಕ್ಕೆ ಆ ತಟ್ಟೆಯಲ್ಲಿ ಒಂದು ವಸ್ತುವೂ ಇಲ್ಲ.

ತಂಗಿ ಬಾಗಿಲ ಹತ್ತಿರ ಮೆಹಂದಿ ಕೈ ಎತ್ತಿ ಹಿಡ್ಕೊಂಡು ನಿಂತಿದ್ದಳು. ಎಲ್ಲ ಕೇಳಿಸಿಕೊಂಡಿದ್ದಳು ಅಂತ ಬೆಳಗ್ಗೆ ಗೊತ್ತಾಯ್ತು.

ಅಂತರಪಟ ಸರಿಸಿ, ಜೀರಿಗೆ ಬೆಲ್ಲ ಆಗಿ, ಧಾರೆಗೆ ತೆಂಗಿನಕಾಯಿ ಹಿಡಿಯುವಾಗ ಅವಳು ಕೈ ಚಾಚಲೇ ಇಲ್ಲ. “ದೊಡ್ಡಪ್ಪಾ, ಅವ್ವನೂ ಬರ್ಲಿ. ಆಮ್ಯಾಲೆ ಹಾಲು ಹುಯ್ರಿ.” ವಾದ್ಯದವರೂ ನಿಲ್ಲಿಸಿಬಿಟ್ಟರು. ದೊಡ್ಡಪ್ಪ ಬಾಸಿಂಗ ಕಟ್ಟಿಕೊಂಡು ಕೂತಿದ್ದ ಮದುಮಗನನ್ನ ನೋಡಿದ್ರು. ಅವನು ಮೆಲ್ಲಗೆ, “ಬರ್ಲಿ ಬಿಡ್ರಿ” ಅಂದ. ದೊಡ್ಡಮ್ಮ ಎದ್ದು ಒಳಗೆ ಹೋಗಿ ಚಿಕ್ಕಮ್ಮನ ರಟ್ಟೆ ಹಿಡಿದು ಕರ್ಕೊಂಡು ಬಂದರು. ಸ್ವಾಮಿಗಳು ಗಡಿಯಾರ ನೋಡಿ, “ಹೊತ್ತಾಗ್ತತಿ, ಹುಯ್ಯವ್ವ” ಅಂದರು, ಅಷ್ಟೇ.

ಮೂವರೂ ಸೇರಿ ತಂಬಿಗೆ ಹಿಡಿದರು. ಚಿಕ್ಕಮ್ಮನ ಕೈ ನಡುಗಿ ಅರ್ಧ ಹಾಲು ಮದುಮಗನ ಶಲ್ಯದ ಮೇಲೆ. ಇಬ್ಬರು ಹಿರಿಯರು ಊಟಕ್ಕೂ ಕೂರದೆ ಎದ್ದು ಹೋದರು. ಉಳಿದವರು ಎರಡು ಪಂಕ್ತಿ ಗೋಧಿ ಹುಗ್ಗಿ ಖಾಲಿ ಮಾಡಿದರು. ಥಾಣೆಯವಳು ಚಪ್ಪರದ ಕೆಳಗೆ ಕೂತು, ಎಲೆಯ ಯಾವ ಕಡೆ ಉಪ್ಪು ಅಂತ ಚಿಕ್ಕಮ್ಮನನ್ನೇ ಕೇಳ್ತಿದ್ದಳು.